ಸಂಘ ಕಟ್ಟುವವರಿಗೇ ಹಣ ಇಲ್ಲ ಎಂದರೆ ಹೇಗೆ?

ಮಾನ್ಯ ಸಂಪಾದಕರೇ,

ಮೈಕ್ರೋಫೈನಾನ್ಸ್ ಕಿರುಕುಳದ ಸುದ್ದಿ ಓದಿದಾಗಲೆಲ್ಲ ಜನ ಕೇಳುತ್ತಾರೆ, ಈ ಹೆಣ್ಣುಮಕ್ಕಳು ಅಲ್ಲಿಗೆ ಯಾಕಾದರೂ ಹೋದರು ಅಂತ. ಆ ಪ್ರಶ್ನೆಗೆ ಒಂದು ಉತ್ತರ ನನಗೆ ಗೊತ್ತಿದೆ. ಅದಕ್ಕೇ ಈ ಪತ್ರ.

ನಾನು ದಾವಣಗೆರೆಯ ಹಳೇ ಊರಿನವಳು. ಮನೆಯಲ್ಲೇ ಹೊಲಿಗೆ ಕೆಲಸ. ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ನಮ್ಮ ಓಣಿಯ ಗಂಡಸರಿಗೆ ತಿಂಗಳ ಸಂಬಳ ಬರುತ್ತಿತ್ತು. ಗಿರಣಿ ಮುಚ್ಚಿದವು. ಈಗ ಮಂಡಕ್ಕಿ ಭಟ್ಟಿಗೆ ಹೋಗುವವರು, ಬೀಡಿ ಕಟ್ಟುವವರು, ಮನೆಗೆಲಸದವರು, ತಳ್ಳುಗಾಡಿಯವರೇ ಜಾಸ್ತಿ. ಯಾರ ಹತ್ತಿರವೂ ಸಂಬಳದ ಚೀಟಿ ಇಲ್ಲ. ಅದಿಲ್ಲ ಎಂದರೆ ಬ್ಯಾಂಕಿನಲ್ಲಿ ಸಾಲವೂ ಇಲ್ಲ.

ಇಂಥ ಊರುಗಳ ಬಡವರಿಗಾಗಿ 2013ರಲ್ಲಿ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಬಂತು. ನಾವೆಲ್ಲ ಅದನ್ನು ನಲ್ಮ್ ಅಂತಲೇ ಕರೆಯುತ್ತೇವೆ. ಹತ್ತಿಪ್ಪತ್ತು ಹೆಂಗಸರು ಸೇರಿ ಸಂಘ ಮಾಡಬೇಕಿತ್ತು. ಸಂಘಕ್ಕೆ 10,000 ರೂಪಾಯಿ ಸುತ್ತುನಿಧಿ, ಅಂದರೆ ಸದಸ್ಯೆಯರಿಗೆ ಸಾಲ ಕೊಟ್ಟು, ವಾಪಸ್ ಬಂದದ್ದನ್ನು ಮತ್ತೆ ಕೊಡುವ ಹಣ. ಸಂಘಗಳೆಲ್ಲ ಸೇರಿ ಬಡಾವಣೆಗೊಂದು ಒಕ್ಕೂಟ, ಅದಕ್ಕೆ 50,000. ಬ್ಯಾಂಕ್ ಸಾಲಕ್ಕೆ ಶೇ 7ಕ್ಕಿಂತ ಮೇಲಿನ ಬಡ್ಡಿಯನ್ನು ಸರ್ಕಾರವೇ ಕಟ್ಟುತ್ತಿತ್ತು. ಮಹಿಳಾ ಸಂಘ ಕಂತು ತಪ್ಪಿಸದಿದ್ದರೆ ಇನ್ನೂ ಶೇ 3 ಕಡಿತ. ಅಂದರೆ ನಮಗೆ ಬೀಳುತ್ತಿದ್ದದ್ದು ಶೇ 4. ಮೈಕ್ರೋಫೈನಾನ್ಸ್‌ನಲ್ಲಿ ಇದೇ ಬಡ್ಡಿ ಶೇ 20 ದಾಟುತ್ತದೆ.

ಆದರೆ ಸಂಘ ತಾನಾಗಿ ಹುಟ್ಟುವುದಿಲ್ಲ. ನಮ್ಮ ಓಣಿಗೆ ನಲ್ಮ್ ಕಡೆಯಿಂದ ಸಮುದಾಯ ಸಂಘಟಕಿಯೊಬ್ಬರು ಬರುತ್ತಿದ್ದರು. ಮೊದಲ ದಿನ ಯಾರೂ ಅವರನ್ನು ಒಳಗೆ ಕರೆಯಲಿಲ್ಲ. ಚೀಟಿ ದುಡ್ಡಿನವರಿರಬೇಕು ಅಂದುಕೊಂಡೆವು. ಅವರು ಬಿಡಲಿಲ್ಲ. ಭಟ್ಟಿ ಕೆಲಸ ಮುಗಿಸಿ ಬಂದವರ ಜೊತೆ ಜಗಲಿ ಮೇಲೆ ಕೂತರು. ನಡಾವಳಿ ಬರೆಯುವುದು, ಲೆಡ್ಜರ್ ತುಂಬುವುದು ಕಲಿಸಿದರು. ಹೆಸರು ಬರೆಯಲೂ ಬಾರದವರು ಮೂರು ತಿಂಗಳಲ್ಲಿ ಸಹಿ ಹಾಕಿದರು. ಒಂದು ಬ್ಯಾಂಕಿನಲ್ಲಿ ನಮ್ಮನ್ನು ಮೂರು ಸಲ ವಾಪಸ್ ಕಳಿಸಿದರು. ನಾಲ್ಕನೇ ಸಲ ಆ ಮೇಡಂ ನಮ್ಮ ಜೊತೆ ಬಂದು ಮಧ್ಯಾಹ್ನದವರೆಗೂ ಬೆಂಚಿನ ಮೇಲೆ ಕೂತಿದ್ದರು. ಆ ದಿನವೇ ಅರ್ಜಿ ತೆಗೆದುಕೊಂಡರು.

2020ರಲ್ಲಿ ಲಾಕ್‌ಡೌನ್ ಆದ ಮೇಲೆ ಬೀದಿ ವ್ಯಾಪಾರಿಗಳಿಗೆ 10,000 ರೂಪಾಯಿಯ ಸ್ವನಿಧಿ ಸಾಲ ಬಂತಲ್ಲ, ಆಗಲೂ ತಳ್ಳುಗಾಡಿಯವರ ಆಧಾರ್, ಮೊಬೈಲ್ ನಂಬರ್, ಶಿಫಾರಸು ಪತ್ರ ಅಂತ ಓಡಾಡಿದ್ದು ಇವರೇ. ಸರ್ಕಾರದ ಯಾವ ಯೋಜನೆಯಾದರೂ ನಮ್ಮ ಓಣಿಗೆ ಬಂದದ್ದು ಇಂಥವರ ಕಾಲ್ನಡಿಗೆಯಲ್ಲಿ.

ಈಗ ಅವರು ಬರುವುದಿಲ್ಲ.

ನಲ್ಮ್‌ಗೆ ಕೇಂದ್ರ ಬಜೆಟ್‌ನಲ್ಲಿ 2022-23ಕ್ಕೆ 900 ಕೋಟಿ ಇಟ್ಟಿದ್ದರು. ಮರುವರ್ಷ 523 ಕೋಟಿ. 2024-25ಕ್ಕೆ 300 ಕೋಟಿ. ಇಡೀ ದೇಶದ ಊರುಗಳಿಗೆಲ್ಲ ಸೇರಿ ಇಷ್ಟು. 2024ರ ಸೆಪ್ಟೆಂಬರ್ 30ಕ್ಕೆ ಯೋಜನೆಯೇ ಮುಗಿಯಿತು. ಆಮೇಲೆ 25 ನಗರಗಳಲ್ಲಿ ಹೊಸ ಯೋಜನೆಯ ಪ್ರಯೋಗ ಶುರು ಮಾಡಿದರು. ಡೆಲಿವರಿ ಹುಡುಗರನ್ನು, ಮನೆಗೆಲಸದವರನ್ನು, ಕಟ್ಟಡ ಕಾರ್ಮಿಕರನ್ನು ಅದರಲ್ಲಿ ಸೇರಿಸಿದ್ದು ನಿಜಕ್ಕೂ ಒಳ್ಳೆಯದು. ಆದರೆ ಹತ್ತು ವರ್ಷ ಕಟ್ಟಿದ ಸಂಘಗಳ ಕೈ ನಡುದಾರಿಯಲ್ಲಿ ಬಿಡಬಹುದೇ?

ಅದೇ 2024-25ರಲ್ಲಿ ಹಳ್ಳಿಗಳ ಜೀವನೋಪಾಯ ಯೋಜನೆಗೆ 15,000 ಕೋಟಿಗೂ ಜಾಸ್ತಿ ಕೊಟ್ಟಿದ್ದಾರೆ. ನಮ್ಮ ರಾಜ್ಯದಲ್ಲಿ ಅದು ಸಂಜೀವಿನಿ. ಅಲ್ಲಿ ಪಂಚಾಯಿತಿ ಒಕ್ಕೂಟದ ಲೆಕ್ಕ ಬರೆಯಲು ಗೌರವಧನ ಪಡೆಯುವ ಎಂಬಿಕೆ, ಅಂದರೆ ಮುಖ್ಯ ಪುಸ್ತಕ ಬರಹಗಾರ್ತಿ ಇರುತ್ತಾರೆ. ಹಳ್ಳಿಯ ಅಕ್ಕತಂಗಿಯರ ಹಣ ಕಡಿಮೆ ಮಾಡಿ ಅಂತ ನಾನು ಖಂಡಿತ ಹೇಳುತ್ತಿಲ್ಲ. ನಮ್ಮನ್ನೂ ನೋಡಿ ಅನ್ನುತ್ತಿದ್ದೇನೆ.

ಸಂಘಗಳು ಇಷ್ಟೊತ್ತಿಗೆ ಸ್ವಂತ ಕಾಲ ಮೇಲೆ ನಿಲ್ಲಬೇಕಿತ್ತು ಎನ್ನುವವರಿದ್ದಾರೆ. ಅವರಿಗೆ ಊರಿನ ಓಣಿ ಗೊತ್ತಿಲ್ಲ. ಹಳ್ಳಿಯಲ್ಲಿ ಸದಸ್ಯೆ ಇವತ್ತಿದ್ದ ಮನೆಯಲ್ಲೇ ಹತ್ತು ವರ್ಷದ ಮೇಲೂ ಇರುತ್ತಾಳೆ. ನಾವು ಬಾಡಿಗೆಯವರು. ಮಾಲೀಕರು ಐನೂರು ಏರಿಸಿದರೆ ಗಂಟುಮೂಟೆ ಕಟ್ಟಬೇಕು. ನಮ್ಮ ಸಂಘದ 12 ಜನರಲ್ಲಿ 5 ಜನ ಮೂರೇ ವರ್ಷದಲ್ಲಿ ಮನೆ ಬದಲಿಸಿದರು. ಅವರ ಉಳಿತಾಯ ಹಿಂದಿರುಗಿಸಬೇಕು, ಸಾಲದ ಬಾಕಿ ತೀರಿಸಿಕೊಳ್ಳಬೇಕು, ಹೊಸಬರನ್ನು ಸೇರಿಸಿ ಬ್ಯಾಂಕಿನಲ್ಲಿ ಸಹಿ ಬದಲಿಸಬೇಕು. ಒಮ್ಮೆ ಸಂಘ ಕಟ್ಟಿದರೆ ಮುಗಿಯಿತು ಅನ್ನುವ ಹಾಗೇ ಇಲ್ಲ ಇಲ್ಲಿ. ಮೂರು ವರ್ಷಕ್ಕೊಮ್ಮೆ ಹೆಚ್ಚುಕಡಿಮೆ ಅರ್ಧ ಸಂಘವನ್ನು ಮತ್ತೆ ಕಟ್ಟಿದ ಹಾಗೆ.

ಇದಕ್ಕೆಲ್ಲ ಎಷ್ಟು ಖರ್ಚು ಗೊತ್ತೇ? ಒಂದು ಸಂಘ ಕಟ್ಟಿ, ಎರಡು ವರ್ಷ ಕೈಹಿಡಿದು ನಡೆಸಲು ನಲ್ಮ್‌ನಲ್ಲಿ ಇಟ್ಟಿದ್ದು ಹೆಚ್ಚೆಂದರೆ 10,000 ರೂಪಾಯಿ. ತಿಂಗಳಿಗೆ 420 ರೂಪಾಯಿಯೂ ಬೀಳುವುದಿಲ್ಲ. ಸ್ಮಾರ್ಟ್ ಸಿಟಿಗೆ ಆಯ್ಕೆಯಾದ ಮೊದಲ 20 ನಗರಗಳಲ್ಲಿ ನಮ್ಮ ದಾವಣಗೆರೆಯೂ ಒಂದು. ರಸ್ತೆ ಬೇಕು, ಚರಂಡಿಯೂ ಬೇಕು. ಆದರೆ ಚರಂಡಿಗೆ ಸಿಗುವ ಹಣ ಮನುಷ್ಯರನ್ನು ಒಟ್ಟುಗೂಡಿಸುವ ಕೆಲಸಕ್ಕೆ ಯಾಕೆ ಸಿಗುವುದಿಲ್ಲ? ಉದ್ಘಾಟನೆಗೆ ಕಲ್ಲು ಹಾಕಲು ಆಗುವುದಿಲ್ಲ ಅಂತಲೇ?

ಸಂಘಟಕಿ ಬರುವುದು ನಿಂತ ಎಂಟು ತಿಂಗಳಲ್ಲಿ ನಮ್ಮ ಒಕ್ಕೂಟದ ಎರಡು ಸಂಘ ಮುಚ್ಚಿದವು. ಅವುಗಳ ಹೆಂಗಸರು ಈಗ ಮೈಕ್ರೋಫೈನಾನ್ಸ್‌ನ ವಾರದ ಕಂತು ಕಟ್ಟುತ್ತಿದ್ದಾರೆ. ಒಬ್ಬಳಿಗೆ ಆಗದಿದ್ದರೆ ಗುಂಪಿನ ಉಳಿದವರು ಕಟ್ಟಬೇಕು. ಅಕ್ಕಪಕ್ಕದವರ ನಡುವೆ ಮಾತೇ ನಿಂತಿದೆ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು, ಕಿರುಕುಳ ಕೊಟ್ಟವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಂತ ಮಾಡಿತು. ಬೇಕಾದದ್ದೇ. ಆದರೆ ಮಗುವಿಗೆ ಜ್ವರ ಬಂದ ರಾತ್ರಿ ಕೈಗೆ ಎರಡು ಸಾವಿರ ಬೇಕು. ಅದನ್ನು ಕಾನೂನು ಕೊಡುವುದಿಲ್ಲ, ಸಂಘ ಕೊಡುತ್ತಿತ್ತು.

ನಲ್ಮ್‌ಗೆ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40 ಇತ್ತು. ಹಾಗಾಗಿ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುವುದು ಬೇಡ. ಹಳೇ ಒಕ್ಕೂಟಗಳನ್ನು ಹೊಸ ಯೋಜನೆಗೆ ಸೇರಿಸಿ, ನಮ್ಮಂಥ ಊರುಗಳಿಗೂ ತನ್ನಿ. ಅಲ್ಲಿಯವರೆಗೆ ಸಂಘಟಕರ ಸಂಬಳವನ್ನು ರಾಜ್ಯವಾದರೂ ಕೊಡಲಿ. ನಮ್ಮ ಸಂಸದರು, ಶಾಸಕರು ಇದನ್ನು ಸದನದಲ್ಲಿ ಕೇಳಬೇಕು.

ನಮ್ಮ ಒಕ್ಕೂಟದಲ್ಲಿ ಇನ್ನೂ 9 ಸಂಘ ಉಳಿದಿವೆ. ಪುಸ್ತಕಗಳು ನಮ್ಮ ಮನೆಯ ಹೊಲಿಗೆ ಯಂತ್ರದ ಪಕ್ಕದ ಬೀರುವಿನಲ್ಲಿವೆ. ಒಂದು ರೂಪಾಯಿಯ ಲೆಕ್ಕವೂ ತಪ್ಪಿಲ್ಲ. ಪ್ರತಿ ಮಂಗಳವಾರ ಮಧ್ಯಾಹ್ನ ಮೂರಕ್ಕೆ ಕೂರುತ್ತೇವೆ. ಯಾವ ಅಧಿಕಾರಿ ಬಂದರೂ ತೆಗೆದು ತೋರಿಸುತ್ತೇವೆ.

– ಒಕ್ಕೂಟದ ಲೆಕ್ಕ ಬರೆಯುವ ಸದಸ್ಯೆ, ದಾವಣಗೆರೆ