ಕಂಪ್ಯೂಟರ್ ಕಾಯಲಿ, ಮೊದಲು ನಿಮ್ಮ ಕಣ್ಣು

ಐಂಡ್‌ಹೋವನ್, ನೆದರ್‌ಲ್ಯಾಂಡ್ಸ್

ತೀರ್ಥರೂಪು ಅಪ್ಪನಿಗೆ ಸುಮಾ ಮಾಡುವ ನಮಸ್ಕಾರಗಳು. ನಾವು ಮೂವರೂ ಇಲ್ಲಿ ಚೆನ್ನಾಗಿದ್ದೇವೆ. ಅಮ್ಮಾ, ಇದನ್ನು ಅಪ್ಪನಿಗೆ ನೀನೇ ಓದಿ ಹೇಳು. ನಡುವೆ ಏನನ್ನೂ ಬಿಡಬೇಡ.

ಅಮ್ಮನ ಕಾಗದ ಬಂದಾಗಿನಿಂದ ನನಗೆ ಸಮಾಧಾನವೇ ಇಲ್ಲ. ಎಡಗಣ್ಣಿನ ಪೊರೆ ತೆಗೆಸಿ ಅಂತ ಡಾಕ್ಟರು ಹೇಳಿದರೂ ನೀವು ದೀಪಾವಳಿ ಕಳೀಲಿ ಅಂದಿರಂತೆ. ಕಂಪ್ಯೂಟರ್ ಕೆಟ್ಟಿದೆ, ಹೊಸದಕ್ಕೆ 50,000 ಬೇಕು, ಮೊದಲು ಅದು ಆಗಲಿ ಅಂತ ಎಫ್‌ಡಿ ಮುರಿಸಲು ಹೊರಟಿದ್ದೀರಂತೆ. ಅಪ್ಪ, ಆ ದುಡ್ಡು ಕಣ್ಣಿಗೆ ಅಂತ ಎತ್ತಿಟ್ಟದ್ದು ಅಲ್ವಾ? ಸಂಘದ ಲೆಕ್ಕ ಎಷ್ಟು ಮುಖ್ಯ ಅಂತ ನನಗೂ ಗೊತ್ತು. ಆದರೆ ಆ ಲೆಕ್ಕ ನೋಡುವುದಕ್ಕೂ ಕಣ್ಣೇ ಬೇಕು.

ಇನ್ನೊಂದು ಮಾತು. ಆ ಕಂಪ್ಯೂಟರ್ ಕೆಟ್ಟಿಲ್ಲ. ಪ್ರಸನ್ನ ಕಳಿಸಿದ ಫೋಟೋ ನೋಡಿದೆ. ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ಒಟ್ಟು 4 ಜಿಬಿ ಅಂತಿದೆ. ಬ್ರೌಸರ್ ಮತ್ತು ಕನ್ನಡ ಟೈಪ್ ಮಾಡುವ ನುಡಿ ಎರಡನ್ನು ತೆರೆದರೆ ಸಾಕು, ಬಹುತೇಕ ತುಂಬಿಹೋಗುತ್ತದೆ. ಜಾಗ ಸಾಲದೆ ಹೋದಾಗ ವಿಂಡೋಸ್ ಉಳಿದದ್ದನ್ನು ಹಾರ್ಡ್ ಡಿಸ್ಕಿನ ಮೇಲೆ ಇಟ್ಟು ತೆಗೆದು ಮಾಡುತ್ತದೆ. ಅಮ್ಮಾ, ಅಡುಗೆ ಕಟ್ಟೆಯಲ್ಲಿ ಜಾಗವಿಲ್ಲದೆ ಒಂದೊಂದು ಡಬ್ಬಕ್ಕೂ ಅಟ್ಟ ಹತ್ತಿ ಇಳಿದ ಹಾಗೆ. ಅದಕ್ಕೇ ಆ ಪುಟ್ಟ ದೀಪ ಮಿಣುಕುತ್ತಲೇ ಇರುತ್ತದೆ, ಒಂದು ಫೈಲ್ ತೆರೆಯಲು ಕಾಫಿ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತದೆ. ಮೆಮೊರಿಗೆ ಅದರಲ್ಲಿ ಎರಡು ಸ್ಲಾಟ್ ಇವೆ, ಒಂದು ಖಾಲಿ ಇದೆ. ಅಲ್ಲಿಗೆ 8 ಜಿಬಿ ಹಾಕಿದರೆ ಒಟ್ಟು 12 ಆಗುತ್ತದೆ. ಮದರ್‌ಬೋರ್ಡಿಗೆ ಅಷ್ಟು ಮೆಮೊರಿ ಒಗ್ಗುತ್ತದೆ, ವಿಂಡೋಸ್ ಕೂಡ 64 ಬಿಟ್ ಇದೆ, ಎರಡನ್ನೂ ನೋಡಿದ್ದೇನೆ. 32 ಬಿಟ್ ಆಗಿದ್ದರೆ 4 ಜಿಬಿ ಮೇಲೆ ಹಾಕಿದ್ದೆಲ್ಲ ದಂಡವಾಗುತ್ತಿತ್ತು.

ಹೊಸದೇ ಕೊಳ್ಳಿ ಅಂತ ಅಂಗಡಿಯವರು ಹೇಳಿದ್ದರಲ್ಲಿ ಒಂದು ಮಾತು ನಿಜ. ಅದರಲ್ಲಿರುವ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ, ಅಂದರೆ ಮಾಮೂಲಿ ಸುರಕ್ಷತೆಯ ಅಪ್‌ಡೇಟ್, ನಿಲ್ಲಿಸಿದೆ. ಆದ್ದರಿಂದ ಬ್ಯಾಂಕಿನ ಕೆಲಸ ಮಾತ್ರ ಅದರಲ್ಲಿ ಬೇಡ, ಪ್ರಸನ್ನನ ಫೋನಿನಲ್ಲಿ ಮಾಡಿಸಿ. ಉಳಿದದ್ದನ್ನು ನಾನು ಬಂದಾಗ ನೋಡೋಣ.

ಇದನ್ನೆಲ್ಲ ಯಾರೋ ಹೇಳಿದ್ದು ಕೇಳಿ ಬರೆಯುತ್ತಿಲ್ಲ, ನನ್ನ ಲ್ಯಾಪ್‌ಟಾಪಿಗೆ ನಾನೇ ಮೆಮೊರಿ ಹಾಕಿದ್ದೇನೆ. ಇಲ್ಲಿ ರಿಪೇರ್ ಕೆಫೆ ಅಂತ ಇದೆ. 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಶುರುವಾದದ್ದು, ಈಗ ಎಷ್ಟೋ ದೇಶಗಳಲ್ಲಿ ನಡೆಯುತ್ತದೆ. ಬಡಾವಣೆಯ ಹಾಲ್‌ನಲ್ಲಿ ಮೇಜು ಹಾಕಿಕೊಂಡು ರಿಟೈರ್ ಆದ ಹಿರಿಯರು ಕೂತಿರುತ್ತಾರೆ. ಜನ ಮಿಕ್ಸಿ, ರೇಡಿಯೋ, ಹರಿದ ಜಾಕೆಟ್ ತರುತ್ತಾರೆ. ದುಡ್ಡು ಕೇಳುವುದಿಲ್ಲ, ಇಷ್ಟವಿದ್ದರೆ ಡಬ್ಬಿಗೆ ಹಾಕಬಹುದು. ನನ್ನ ಜೊತೆ ಕೂತ ಅಜ್ಜ ಸ್ಕ್ರೂಡ್ರೈವರ್ ಮುಟ್ಟಲೇ ಇಲ್ಲ, ಎಲ್ಲ ನನ್ನ ಕೈಯಲ್ಲೇ ಮಾಡಿಸಿದರು. ಇಲ್ಲಿ ರಿಪೇರಿ ಕೂಲಿ ಬಲು ದುಬಾರಿ, ಹಾಗಾಗಿ ಮನೆಗೆ ಬಣ್ಣ ಹೊಡೆಯುವುದರಿಂದ ಹಿಡಿದು ಎಲ್ಲ ತಾವೇ ಕಲಿಯುತ್ತಾರೆ. ನನಗೆ ಅದು ತುಂಬಾ ಹಿಡಿಸಿದೆ.

ಪ್ರಸನ್ನಾ, ಈಗ ನೀನು ಕೇಳು. ಇದು ನಿನ್ನ ಕೆಲಸ, ಅಪ್ಪನದಲ್ಲ. ಕಂಪ್ಯೂಟರ್ ಬಂದ್ ಮಾಡಿ ಕರೆಂಟ್ ವೈರ್ ಕಿತ್ತುಬಿಡು. ಆಮೇಲೆ ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿ, ಒಳಗೆ ಉಳಿದ ಕರೆಂಟ್ ಹೋಗುತ್ತದೆ. ಕ್ಯಾಬಿನೆಟ್ ಮಲಗಿಸಿ, ಒಳಗಿನ ಬಣ್ಣವಿಲ್ಲದ ಕಬ್ಬಿಣ ಮುಟ್ಟಿ ಶುರುಮಾಡು. ಮೈಯಲ್ಲಿರುವ ಸ್ಥಿರ ವಿದ್ಯುತ್ ಚಿಪ್ಪನ್ನು ಸುಡಬಹುದು, ಆದ್ದರಿಂದ ಇದನ್ನು ಮರೆಯಬೇಡ. ಹಳೇ ಮೆಮೊರಿ ಕಡ್ಡಿಯನ್ನು ತೆಗೆದು ಪೊಟ್ಟಣ ಕಟ್ಟಿಕೊಂಡು ಶನಿವಾರ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋಗು. ಜಯನಗರದಿಂದ ಮೆಟ್ರೋ ಹಿಡಿದರೆ ಚಿಕ್ಕಪೇಟೆಯಲ್ಲಿ ಇಳಿದು ನಡೆದೇ ಹೋಗಬಹುದು. ನಮ್ಮದಕ್ಕೆ ಹೊಂದುವ ಮೆಮೊರಿ ಡಿಡಿಆರ್3, ಅದನ್ನೇ ಕೇಳು. ಡಿಡಿಆರ್4 ಕೊಟ್ಟರೆ ಬೇಡ, ಅದರ ಕಚ್ಚು ಬೇರೆ ಜಾಗದಲ್ಲಿದೆ, ಕೂರುವುದೇ ಇಲ್ಲ. ಸರ್ವರಿನಿಂದ ಕಿತ್ತ ಮೆಮೊರಿಯನ್ನೂ ಅಗ್ಗಕ್ಕೆ ಮಾರುತ್ತಾರೆ, ಅದು ನಮ್ಮಂಥ ಮನೆ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ. ಎಐ ಕಂಪನಿಗಳು ಬಾಚಿ ಕೊಳ್ಳುತ್ತಿರುವುದರಿಂದ ಎಲ್ಲ ಕಡೆ ಮೆಮೊರಿ ಬೆಲೆ ಏರಿದೆ, ಆದರೂ ಹೊಸ ಕಂಪ್ಯೂಟರಿನ ಹತ್ತರಲ್ಲಿ ಒಂದು ಪಾಲೂ ಆಗುವುದಿಲ್ಲ.

ಹಳೇದು, ಹೊಸದು ಎರಡನ್ನೂ ಹಾಕುವಾಗ ಅಂಚಿನಲ್ಲೇ ಹಿಡಿ. ಕಚ್ಚು ಹೊಂದಿಸಿ, ಎರಡೂ ಹೆಬ್ಬೆರಳಿನಿಂದ ನೇರ ಒತ್ತು. ಪಕ್ಕದ ಕ್ಲಿಪ್ ಟಕ್ ಅಂತ ಕೂರಬೇಕು. ಬೀಪ್ ಬಂದು ಸ್ಕ್ರೀನ್ ಕಪ್ಪಗೇ ಇದ್ದರೆ ಗಾಬರಿ ಬೇಡ. ಮತ್ತೆ ವೈರ್ ಕಿತ್ತು, ಕಡ್ಡಿ ತೆಗೆದು, ಚಿನ್ನದ ಬಣ್ಣದ ತುದಿಯನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಕೂರಿಸು. ರಾತ್ರಿ ವಿಂಡೋಸಿನ ಮೆಮೊರಿ ಡಯಾಗ್ನೋಸ್ಟಿಕ್ ಒಮ್ಮೆ ಓಡಿಸು.

ಕ್ಯಾಬಿನೆಟ್ಟನ್ನು ಆಪರೇಷನ್ನಿಗೆ ಮೊದಲೇ ತೆರೆದು, ಧೂಳನ್ನು ಹೊರಗೆ ಬಾಲ್ಕನಿಯಲ್ಲಿ ಹೊಡೆದುಬಿಡು. ಆಪರೇಷನ್ ಆದಮೇಲೆ ಅಪ್ಪನ ಕಣ್ಣಿಗೆ ಧೂಳು ಸೋಕಬಾರದು. ಅಪ್ಪ, ನೀವು ಬಗ್ಗುವುದು, ಭಾರ ಎತ್ತುವುದು, ಕಣ್ಣು ಉಜ್ಜುವುದು ಏನೂ ಮಾಡಬಾರದು. ತಲೆಗೆ ಸ್ನಾನವೂ ಡಾಕ್ಟರು ಹೇಳಿದ ಮೇಲೇ. ಪೊರೆ ತೆಗೆಯುವುದು ಈಗ ಚಿಕ್ಕ ಕೆಲಸ, ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಮಿಂಟೊ ಕಣ್ಣಾಸ್ಪತ್ರೆಯಲ್ಲಿ ದೊಡ್ಡಪ್ಪನಿಗೆ ಎಷ್ಟು ಚೆನ್ನಾಗಿ ಆಯಿತು, ಈಗ ದಾರದ ಎಳೆಯನ್ನೂ ಸೂಜಿಗೆ ಪೋಣಿಸುತ್ತಾರಂತೆ. ಭಯಪಡುವಂಥದ್ದು ಒಂದು ಚೂರೂ ಇಲ್ಲ. ನನಗೂ ಭಯವಿಲ್ಲ, ನಿಜವಾಗಿಯೂ ಇಲ್ಲ. ಸುಮ್ನೆ ಬೇಗ ಆಗಿಬಿಡಲಿ ಅಂತ ಅಷ್ಟೇ.

ನನ್ನ ದುಡ್ಡು ಬೇಡ ಅನ್ನುತ್ತೀರಿ, ಗೊತ್ತು. ಆದರೂ ಮೆಮೊರಿಯದ್ದನ್ನು ಪ್ರಸನ್ನನ ಖಾತೆಗೆ ಹಾಕಿದ್ದೇನೆ, ವಾಪಸ್ ಕಳಿಸಬೇಡಿ. ನಾವು ತುಂಬಾ ಚೆನ್ನಾಗಿದ್ದೇವೆ, ಊಟ ತಿಂಡಿ ಎಲ್ಲ ಸರಿಯಾಗಿದೆ, ಇಲ್ಲಿಯ ಯೋಚನೆ ಬೇಡವೇ ಬೇಡ.

ಮಗುವಿನ ಸ್ಕೂಲ್ ಬಿಡುವ ಹೊತ್ತಾಯಿತು, ಓಡಬೇಕು. ಅಮ್ಮಾ, ನಾಳೆಯೇ ಆಪರೇಷನ್ ತಾರೀಖು ಗೊತ್ತುಮಾಡಿಸಿ ನನಗೆ ಮೆಸೇಜ್ ಮಾಡು. ಅಜ್ಜಿಗೆ ನಮಸ್ಕಾರ ಹೇಳು.

ಇಂತಿ
ಸುಮಾ