ಆಯಿಯ ಮಾತಿಗೆ ಕಾದವರಿಗೆಲ್ಲ

ನಿನ್ನೆ ಸಂಜೆ ಆಯಿ, ನನ್ನ ಅಮ್ಮ, ಫೋನ್ ಮಾಡಿದಳು. "ತಮಾ, ಅಡಿಕೆ ಸುಲಿತ ಶುರು ಆತು" ಅಂದಳು. ಐದೇ ಶಬ್ದ. ನಡುವೆ ಎರಡು ಕಡೆ ನಿಂತಳು, ಹುಡುಕಿದಳು, ನಾನು ಬಾಯಿ ಹಾಕದೆ ಸುಮ್ನೆ ಕಾದೆ. ಒಂದು ವರ್ಷದ ಹಿಂದೆ ಸ್ಟ್ರೋಕ್ ಆಗಿ (ಲಕ್ವ ಹೊಡೆದು) ಅವಳ ಬಾಯಲ್ಲಿ ಉಳಿದದ್ದು "ಹೌದು" ಒಂದೇ. ನೀರು ಬೇಕಾದರೂ ಹೌದು, ಬೇಡವಾದರೂ ಹೌದು. ಮನೆಮನೆಗೆ ಬಂದು ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ನೀವು ಶಿರಸಿಯಿಂದ ಹುಬ್ಬಳ್ಳಿವರೆಗೆ ಇದ್ದೀರಿ.

ಕೆಳಗಿನ ಮನೆ ಅಕ್ಕಾ, ಮೊದಲು ನಿನಗೆ. ಆಯಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತಿದ್ದಳು, ಬಲಗೈಯಿಂದ ಅಡಿಕೆ ಜಾರಿತು, ಮತ್ತೆ ಹಿಡಿದಳು, ಮತ್ತೆ ಜಾರಿತು. ಬಾಯಿ ಒಂದು ಬದಿಗೆ ಸೊಟ್ಟಗಾಗಿದ್ದನ್ನು ಕಂಡವಳು ನೀನು. ಕಂಡ ಕೂಡಲೇ ಗಡಿಯಾರ ನೋಡಿ ಎಂಟೂ ಹತ್ತು ಅಂತ ನೆನಪಿಟ್ಟುಕೊಂಡೆ. ಡಾಕ್ಟರು ಮೊದಲು ಕೇಳಿದ್ದೇ ಅದನ್ನು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನನ್ನು ಲಕ್ಷಣ ಶುರುವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಶುರುವಾದದ್ದು ಯಾವಾಗ ಅಂತ ಗೊತ್ತಿಲ್ಲದಿದ್ದರೆ ಅವರ ಕೈ ಕಟ್ಟಿದ ಹಾಗೆ.

ಭಾವಾ, ನಿನ್ನ ಕಾರಿಗೂ ನಿನ್ನ ಹಠಕ್ಕೂ ಋಣಿ. ದಾರಿಯಲ್ಲಿ ಒಂದು ಕಡೆ ತೋರಿಸಿದಾಗ "ಬಿಪಿ ಏರಿದೆ, ಬೆಳಿಗ್ಗೆ ನೋಡುವಾ" ಅಂದರಂತೆ. ನೀನು ಕೇಳಲಿಲ್ಲ. ನಮ್ಮ ಕಡೆಯಿಂದ ಹುಬ್ಬಳ್ಳಿ ಅಂದರೆ ನೂರು ಕಿಲೋಮೀಟರ್ ಹತ್ತಿರ, ಅದೂ ರಾತ್ರಿ. ಹನ್ನೊಂದಕ್ಕೆ ಆಯಿ ಸಿಟಿ ಸ್ಕ್ಯಾನ್ ಕೋಣೆಯಲ್ಲಿದ್ದಳು. ಸ್ಕ್ಯಾನ್ ಯಾಕೆ ಮೊದಲು ಅಂದರೆ, ನಾಳ ಕಟ್ಟಿದೆಯೋ ಒಡೆದಿದೆಯೋ ಹೊರಗಿನಿಂದ ಗೊತ್ತಾಗುವುದಿಲ್ಲ, ಒಡೆದು ರಕ್ತ ಹರಿಯುತ್ತಿದ್ದರೆ ಅದೇ ಇಂಜೆಕ್ಷನ್ ಜೀವ ತೆಗೆಯಬಹುದು. ದೊಡ್ಡ ನಾಳ ಕಟ್ಟಿದರೆ ಒಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಎಂಬ ಲೆಕ್ಕವನ್ನು ಆಮೇಲೆ ಓದಿದೆ. ನೀನು ಬೆಳಿಗ್ಗೆವರೆಗೆ ಕಾಯದೆ ಉಳಿಸಿದ ನಿಮಿಷ ಎಷ್ಟು ಅಂತ ಆ ದಿನವಿಡೀ ಯೋಚಿಸುತ್ತಿದ್ದೆ.

ಜೀವ ಉಳಿಯಿತು. ಮಾತು ಹೋಗಿತ್ತು. ನಾವೆಲ್ಲ ಹಾಸಿಗೆ ಸುತ್ತ ನಿಂತು ಕಿವುಡರಿಗೆ ಹೇಳುವ ಹಾಗೆ ಜೋರಾಗಿ, ಮಗುವಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದೆವು. ಆಯಿ ಮುಖ ಆಚೆ ತಿರುಗಿಸುತ್ತಿದ್ದಳು. ಆಗ ಬಂದವರು ಸ್ಪೀಚ್ ಥೆರಪಿ ಮೇಡಂ. ಮೇಡಂ, ನೀವು ಕೇಸ್ ಪೇಪರಿನ ಹಿಂದೆ ಪೆನ್ನಿನಿಂದ ಬಿಡಿಸಿದ ಮಿದುಳಿನ ಚಿತ್ರ ಈಗಲೂ ನನ್ನ ಹತ್ತಿರ ಇದೆ. ಎಡ ಮಿದುಳಿನಲ್ಲಿ, ಕಣ್ಣಿಗೂ ಕಿವಿಗೂ ನಡುವೆ ಸ್ವಲ್ಪ ಮೇಲೆ, ಒಂದು ಗುರುತು. ಅದು ಬ್ರೋಕಾ ಭಾಗ, ಶಬ್ದ ಜೋಡಿಸಿ ಮಾತು ಹೊರಡಿಸುವ ಜಾಗ. ಕಿವಿಯ ಹಿಂದೆ ಇನ್ನೊಂದು ಗುರುತು, ವರ್ನಿಕೆ ಭಾಗ, ಕೇಳಿದ ಮಾತಿನ ಅರ್ಥ ಹಿಡಿಯುವ ಜಾಗ. ಮೊದಲನೆಯದಕ್ಕೆ ನೀರು ಹೋಗುವ ಕಾಲುವೆ ಕಟ್ಟಿದೆ, ಎರಡನೆಯದರ ಕಾಲುವೆ ಚೆನ್ನಾಗಿದೆ ಅಂದಿರಿ. ತೋಟದವರಿಗೆ ಅಷ್ಟು ಸಾಕಾಯಿತು. ಕೈ ಆಡಿಸುವ ಜಾಗವೂ ಅಲ್ಲೇ ಹತ್ತಿರ. ಮಿದುಳಿನಿಂದ ಇಳಿಯುವ ನರಗಳು ಕತ್ತಿನ ಮೇಲ್ಗಡೆ ಆಚೆಯಿಂದ ಈಚೆಗೆ ದಾಟುತ್ತವೆ, ಆದ್ದರಿಂದ ಏಟು ಎಡಕ್ಕೆ, ಸೋತದ್ದು ಬಲಗೈ.

1861ರಲ್ಲಿ ಪ್ಯಾರಿಸಿನಲ್ಲಿ ಪಾಲ್ ಬ್ರೋಕಾ ನೋಡಿದ ರೋಗಿಯ ಕಥೆಯನ್ನೂ ನೀವೇ ಹೇಳಿದ್ದು. ಏನು ಕೇಳಿದರೂ ಅವನು "ಟಾನ್" ಅಂತಲೇ ಹೇಳುತ್ತಿದ್ದ, ಆದರೆ ಹೇಳಿದ್ದು ಅವನಿಗೆ ತಿಳಿಯುತ್ತಿತ್ತು. ನಮ್ಮ ಆಯಿಯ ಹೌದಿನ ಹಾಗೆ ಅಲ್ವಾ? "ಅಮ್ಮನಿಗೆ ಎಲ್ಲ ಅರ್ಥವಾಗುತ್ತಿದೆ, ಮೆಲ್ಲಗೆ ಮಾತಾಡಿ, ಉತ್ತರಕ್ಕೆ ಕಾಯಿರಿ" ಅಂದಿರಿ. ಅದನ್ನು ಕೇಳಿ ಆಯಿ ಅತ್ತಳು. ಅಷ್ಟು ದಿನದಲ್ಲಿ ಅವಳು ಅತ್ತದ್ದು ಅದೊಂದೇ ಸಲ.

ಚಿಕ್ಕೀ, ನಿನ್ನ ಹಾಡನ್ನು ಹೇಗೆ ಮರೆಯಲಿ. ದೀಪ ಹಚ್ಚುವ ಹೊತ್ತಿಗೆ ವಾರ್ಡಿನಲ್ಲಿ ನೀನು ಮೆಲ್ಲಗೆ ಆರತಿ ಹಾಡು ಹೇಳಿಕೊಂಡೆ, ಎರಡನೇ ಸಾಲನ್ನು ಆಯಿ ಎತ್ತಿಕೊಂಡಳು. ಒಂದು ಶಬ್ದವೂ ತಪ್ಪಲಿಲ್ಲ. ಬಾಗಿಲಲ್ಲಿದ್ದ ನರ್ಸ್ ಹಾಗೇ ನಿಂತುಬಿಟ್ಟರು. ರಾಗ ಹಿಡಿಯುವುದರಲ್ಲಿ ಬಲ ಮಿದುಳಿನ ಪಾಲು ಜಾಸ್ತಿ, ನಲವತ್ತು ವರ್ಷ ಮದುವೆಮನೆಗಳಲ್ಲಿ ಹೇಳಿದ ಹಾಡು ಬರುವ ದಾರಿಯೇ ಬೇರೆ ಅಂತ ಮರುದಿನ ಮೇಡಂ ತಿಳಿಸಿದರು. ಆ ದಾರಿಯಲ್ಲೇ ಅಭ್ಯಾಸ ಶುರು. ಎಡಗೈಯಿಂದ ಮಂಚ ತಟ್ಟುತ್ತ ಒಂದೊಂದು ಅಕ್ಷರಕ್ಕೆ ಒಂದೊಂದು ಪೆಟ್ಟು, ರಾಗದಲ್ಲಿ "ನೀ-ರು ಬೇ-ಕು". ಎಷ್ಟೋ ದಿನದ ಮೇಲೆ ರಾಗ ಸಡಿಲವಾಗಿ ಬರೀ ಮಾತು ಉಳಿಯಿತು. ಸತ್ತ ಕೋಶ ತಿರುಗಿ ಬರುವುದಿಲ್ಲ, ಪಕ್ಕದವು ಕೆಲಸ ಕಲಿತುಕೊಳ್ಳುತ್ತವೆ, ಅದಕ್ಕೆ ಸಾವಿರ ಸಲ ಹೇಳಿಸಬೇಕು. ಹೇಳಿಸಿದವಳು ಚಿಕ್ಕಿ. ಮೂರು ತಿಂಗಳು ತನ್ನ ಮನೆ ಬಿಟ್ಟು ನಮ್ಮಲ್ಲಿದ್ದಳು.

ಊರಿನವರಿಗೆ ಹೇಳುವುದು ತುಂಬಾ ಇದೆ. ನಾವು ಆಸ್ಪತ್ರೆಯಲ್ಲಿದ್ದಾಗ ಅಂಗಳದ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ಚೀಲ ಕಟ್ಟಿಟ್ಟಿರಿ, ಯಾರು ಎಷ್ಟು ದಿನ ಬಂದರು ಅಂತ ಕೇಳಿದರೆ ಇವತ್ತಿಗೂ ಒಬ್ಬರೂ ಹೇಳುವುದಿಲ್ಲ. ಅದಕ್ಕಿಂತ ದೊಡ್ಡದು, ಆಯಿ ಶಬ್ದ ಹುಡುಕುವಾಗ ನೀವು ಅದನ್ನು ಅವಳ ಬಾಯಿಂದ ಕಸಿಯಲಿಲ್ಲ. ಅಂಗಡಿಯಲ್ಲಿ ಹಿಂದೆ ಜನ ನಿಂತಿದ್ದರೂ ಅವಳು "ಬೆಲ್ಲ" ಅನ್ನುವವರೆಗೆ ಅಂಗಡಿಯಣ್ಣ ಕಾದ. ನಾನು ನೋಡಿದ್ದೇನೆ.

ಈ ಶನಿವಾರ ಸುಲಿತಕ್ಕೆ ನಾನೂ ಬರುತ್ತೇನೆ. ಬಲಗೈ ಬೆರಳು ಇನ್ನೂ ಪೂರ್ತಿ ಬಂದಿಲ್ಲ, ಆಯಿಗೆ ಮೆಟ್ಟುಗತ್ತಿ ಕೊಡುವ ಹಾಗಿಲ್ಲ. ಪಕ್ಕದಲ್ಲಿ ಕೂತು ಹಾಡು ಹೇಳುತ್ತಾಳಂತೆ. ಕೆಳಗಿನ ಮನೆ ಅಕ್ಕಾ, ತನ್ನ ಎಡಬದಿಯ ಮಣೆ ನಿನಗೆ ಅಂತ ಈಗಲೇ ಹೇಳಿಟ್ಟಿದ್ದಾಳೆ.