ಕೊರ್ಡೊಬಾದ ಕಂಬಗಳು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಒಂದು ಊರಿನ ಚರಿತ್ರೆಯೆಂದರೆ ಅದನ್ನು ಗೆದ್ದವರ ಪಟ್ಟಿಯಷ್ಟೇ ಅಲ್ಲವೇ ಎಂದು ನೀನು ಕಳೆದ ಪತ್ರದಲ್ಲಿ ಕೇಳಿದ್ದೆ. ಸ್ಪೇನಿನ ಕೊರ್ಡೊಬಾದ ಕಥೆಯನ್ನು ಓದಿದಾಗಿನಿಂದ ನನಗೆ ಹಾಗೆನ್ನಿಸುವುದಿಲ್ಲ. ಗೆದ್ದವರಿಗೆ ಅಲ್ಲಿ ಕೊರತೆಯೇನೂ ಇಲ್ಲ. ರೋಮನ್ನರಿಗೆ ಅದು ಬೇಟಿಕಾ ಪ್ರಾಂತ್ಯದ ರಾಜಧಾನಿ, ತತ್ತ್ವಜ್ಞಾನಿ ಸೆನೆಕಾ ಹುಟ್ಟಿದ ಊರು. ಅನಂತರ ವಿಸಿಗಾಥರೆಂಬ ಜರ್ಮನಿಕ್ ಜನಾಂಗದವರು ಬಂದರು. 711ರಲ್ಲಿ ಉತ್ತರ ಆಫ್ರಿಕಾದಿಂದ ಬಂದ ಮುಸ್ಲಿಂ ಸೈನ್ಯಕ್ಕೆ ನಗರ ಸೋತಿತು. ಆದರೆ ನನ್ನ ಮನಸ್ಸು ನಿಲ್ಲುವುದು ಆ ಊರಿನ ಕಂಬಗಳ ಬಳಿ.

ಸಿರಿಯಾದ ಕಡೆ ತನ್ನ ಉಮಯ್ಯದ್ ರಾಜಮನೆತನ ಕತ್ತಿಗೆ ಬಲಿಯಾದಾಗ ತಪ್ಪಿಸಿಕೊಂಡು ಬಂದು, 756ರಲ್ಲಿ ಕೊರ್ಡೊಬಾದ ಅಮೀರನಾದ ಒಂದನೆಯ ಅಬ್ದುಲ್ ರಹಮಾನನು, 785ರ ಸುಮಾರಿಗೆ ಮಹಾ ಮಸೀದಿಯನ್ನು ಕಟ್ಟಿಸಲು ತೊಡಗಿದಾಗ, ರೋಮನ್ನರ ಮತ್ತು ವಿಸಿಗಾಥರ ಹಳೆಯ ಕಟ್ಟಡಗಳ ಕಂಬಗಳನ್ನೇ ತರಿಸಿ ನಿಲ್ಲಿಸಿದನು. ಕಂಬಗಳು ಗಿಡ್ಡವಾಗಿದ್ದವು, ಅಷ್ಟು ವಿಶಾಲವಾದ ಪ್ರಾರ್ಥನಾಮಂದಿರಕ್ಕೆ ಬೇಕಾದ ಎತ್ತರ ಅವುಗಳಿಂದ ಒದಗುತ್ತಿರಲಿಲ್ಲ. ಆಗ ಶಿಲ್ಪಿಗಳು ಒಂದು ಕಮಾನಿನ ಮೇಲೆ ಇನ್ನೊಂದನ್ನು ಏರಿಸಿ, ಕೆಂಪು ಇಟ್ಟಿಗೆಯನ್ನೂ ಬಿಳಿಯ ಕಲ್ಲನ್ನೂ ಒಂದು ಬಿಟ್ಟು ಒಂದರಂತೆ ಕೂಡಿಸಿದರು. ಇಂದು ನೋಡುಗರನ್ನು ಮೂಕರನ್ನಾಗಿಸುವ ಸೊಬಗು ಆ ಕೊರತೆಯಿಂದಲೇ ಹುಟ್ಟಿತು.

929ರಲ್ಲಿ ಮೂರನೆಯ ಅಬ್ದುಲ್ ರಹಮಾನನು ತನ್ನನ್ನು ಖಲೀಫನೆಂದು, ಅಂದರೆ ಮುಸ್ಲಿಮರ ಪರಮೋಚ್ಚ ನಾಯಕನೆಂದು, ಸಾರಿಕೊಂಡನು. ಅವನ ಮಗ ಎರಡನೆಯ ಅಲ್ ಹಕಮನ ಗ್ರಂಥಾಲಯ ದೂರದೂರದವರೆಗೆ ಹೆಸರಾಯಿತು. ಆದರೂ ಅಂತಃಕಲಹದಿಂದ 1031ಕ್ಕೆ ಖಿಲಾಫತ್ತೇ ಅಳಿಯಿತು. ಹನ್ನೆರಡನೆಯ ಶತಮಾನದಲ್ಲಿ ಇದೇ ಊರಿನಲ್ಲಿ ಮುಸ್ಲಿಂ ತತ್ತ್ವಜ್ಞಾನಿ ಇಬ್ನ್ ರುಶ್ದ್ ಮತ್ತು ಯಹೂದಿ ಚಿಂತಕ ಮೈಮೊನಿಡೀಸ್ ಹುಟ್ಟಿದರು. ಉತ್ತರ ಆಫ್ರಿಕಾದಿಂದ ಬಂದ ಅಲ್ಮೊಹಾದ್ ರಾಜವಂಶದ ಆಳ್ವಿಕೆಯಲ್ಲಿ ಇಬ್ಬರೂ ಊರು ಬಿಡಬೇಕಾಗಿ ಬಂದದ್ದನ್ನು ನೆನೆದಾಗಲೆಲ್ಲ ನನಗೆ ನೋವಾಗುತ್ತದೆ.

ಗಂಟೆಗಳ ಕಥೆಯನ್ನಂತೂ ನಿನಗೆ ಹೇಳಲೇಬೇಕು. 997ರಲ್ಲಿ, ಖಲೀಫನ ಹೆಸರಿನಲ್ಲಿ ಕೊರ್ಡೊಬಾವನ್ನು ಆಳುತ್ತಿದ್ದ ಮಂತ್ರಿ ಅಲ್ ಮನ್ಸೂರನು ಉತ್ತರ ಸ್ಪೇನಿನ ಕ್ರೈಸ್ತ ಯಾತ್ರಾಸ್ಥಳವಾದ ಸಾಂಟಿಯಾಗೊ ನಗರವನ್ನು ಸೂರೆಮಾಡಿ, ಅಲ್ಲಿಯ ಚರ್ಚಿನ ಗಂಟೆಗಳನ್ನು ಕ್ರೈಸ್ತ ಸೆರೆಯಾಳುಗಳ ಹೆಗಲ ಮೇಲೆ ಕೊರ್ಡೊಬಾಕ್ಕೆ ತರಿಸಿದನೆಂದು ವೃತ್ತಾಂತಗಳು ಹೇಳುತ್ತವೆ. 1236ರಲ್ಲಿ ನಗರವನ್ನು ಗೆದ್ದ ಸ್ಪೇನಿನ ಕ್ರೈಸ್ತ ರಾಜ್ಯವಾದ ಕ್ಯಾಸ್ಟೀಲಿನ ದೊರೆ ಮೂರನೆಯ ಫರ್ಡಿನೆಂಡನು ಅವೇ ಗಂಟೆಗಳನ್ನು ಮುಸ್ಲಿಂ ಸೆರೆಯಾಳುಗಳ ಹೆಗಲ ಮೇಲೆ ಹಿಂದಕ್ಕೆ ಕಳುಹಿಸಿದನಂತೆ. ಮಸೀದಿಯನ್ನು ಅವನು ಕೆಡವಲಿಲ್ಲ, ಚರ್ಚೆಂದು ಪ್ರತಿಷ್ಠಾಪಿಸಿದನು.

ಕೆಡವುವ ಮಾತು ಎದ್ದದ್ದು 1523ರಲ್ಲಿ. ಮಸೀದಿಯ ಒಡಲಿನಲ್ಲಿ ದೊಡ್ಡದೊಂದು ಕ್ಯಾಥೆಡ್ರಲ್ ಕಟ್ಟಲು ಪಾದ್ರಿಗಳು ಮುಂದಾದಾಗ, ಕ್ರೈಸ್ತರದೇ ಆಗಿದ್ದ ನಗರಸಭೆ ಅದನ್ನು ಒಪ್ಪಲಿಲ್ಲ. ಹೀಗೆ ಕೆಡವಿದ್ದನ್ನು ಮತ್ತೆ ಅಷ್ಟೇ ಚೆಂದವಾಗಿ ಕಟ್ಟಲು ಸಾಧ್ಯವಿಲ್ಲವೆಂಬ ಕಾರಣಕ್ಕೆ, ಕೆಡಹುವ ಕೆಲಸಕ್ಕೆ ಕೈಹಾಕಿದವರಿಗೆ ಮರಣದಂಡನೆಯೆಂದು ಸಾರಿತು. ಗೆದ್ದವರ ಪಟ್ಟಿಯಲ್ಲಿ ಆ ನಗರಸಭೆಗೆ ನೀನು ಯಾವ ಸ್ಥಾನ ಕೊಡುವೆ? ಚಕ್ರವರ್ತಿ ಐದನೆಯ ಚಾರ್ಲ್ಸ್ ಪಾದ್ರಿಗಳ ಪರವಾಗಿ ನಿಂತದ್ದರಿಂದ ಮಸೀದಿಯ ನಡುಭಾಗ ಉರುಳಿತು. ಅದರ ಸುತ್ತ 850ಕ್ಕೂ ಹೆಚ್ಚು ಕಂಬಗಳು ಇಂದಿಗೂ ನಿಂತಿವೆ.

ಇಂತಿ ನಿನ್ನ ಗೆಳೆಯ